ಹಳೇ ಕಾರಿನ ಎಸ್ಟಿಮೇಟ್ ಓದೋದು ಹೇಗೆ?

ನಮ್ಮ ವಯಸ್ಸಿನವರ ಕಾರುಗಳಲ್ಲಿ ಒಂದು ಜಾತಿ ಇದೆ. 2012ರಿಂದ 2015ರ ನಡುವೆ ಯಾರೋ ಶೋರೂಮಿನಿಂದ ತಂದದ್ದು, ಈಗ ಎರಡನೇ ಇಲ್ಲ ಮೂರನೇ ಕೈಗೆ ಬಂದಿರೋದು, ಮೀಟರಿನಲ್ಲಿ ಲಕ್ಷ ಕಿಲೋಮೀಟರ್ ದಾಟಿರೋದು, ಹಿಂದೆ ದೊಡ್ಡ ಡಿಕ್ಕಿ ಇರೋ ಸೆಡಾನ್. ಹೊಸ ಸಣ್ಣ ಕಾರಿನ ಅರ್ಧ ದುಡ್ಡಿಗೆ ಅಗಲವಾದ ಸೀಟು, ಗಟ್ಟಿ ಎಂಜಿನ್ನು, ಹಬ್ಬಕ್ಕೆ ಊರಿಗೆ ಹೊರಟರೆ ಇಡೀ ಮನೆಯ ಲಗೇಜು ನುಂಗೋ ಜಾಗ. ವ್ಯಾಪಾರ ಚೆನ್ನಾಗೇ ಇದೆ.

ಆದ್ರೆ ಬೆಲೆ ಇಳಿದಿರೋದು ಕಾರಿಂದು ಮಾತ್ರ. ಅದರೊಳಗಿನ ಬಿಡಿಭಾಗಗಳಿಗೆ ತಾವು ಹಳೇ ಕಾರಿನಲ್ಲಿದೀವಿ ಅನ್ನೋದು ಗೊತ್ತಿಲ್ಲ. ಹತ್ತು ಲಕ್ಷದ ಕಾರು ಮೂರು ಲಕ್ಷಕ್ಕೆ ಇಳಿದರೂ ಅದರ ಶಾಕ್ ಅಬ್ಸಾರ್ಬರ್ ಹತ್ತು ಲಕ್ಷದ ಕಾರಿನ ಬೆಲೆಯಲ್ಲೇ ಬರುತ್ತೆ. ಹಾಗಾಗಿ ಒಂದು ದಿನ ಸರ್ವಿಸ್ ಸೆಂಟರಿನಿಂದ ಬರೋ ಎಸ್ಟಿಮೇಟ್ ನೋಡಿದರೆ ಮೂಗಿಗಿಂತ ಮೂಗುತಿ ಭಾರ ಅನ್ನಿಸೋದು ಸಹಜ. ಆ ಗಾಬರಿಯಲ್ಲಿ ನಾವು ಎರಡರಲ್ಲಿ ಒಂದು ಮಾಡ್ತೀವಿ. ಸಿಕ್ಕ ಬೆಲೆಗೆ ಮಾರಿ ಹೊಸ ಕಾರಿನ ಸಾಲಕ್ಕೆ ಸಹಿ ಹಾಕ್ತೀವಿ. ಇಲ್ಲ ಅಂದ್ರೆ ಫೋನ್ ಜೇಬಿಗಿಟ್ಟು, ಏನೂ ಮಾಡಿಸದೆ ಹಾಗೇ ಓಡಿಸ್ತೀವಿ. ಮೊದಲನೆಯದು ಜೇಬಿಗೆ ಅಪಾಯ, ಎರಡನೆಯದು ಜೀವಕ್ಕೆ.

ಇವೆರಡರ ನಡುವೆ ಒಂದು ದಾರಿ ಇದೆ. ಎಸ್ಟಿಮೇಟನ್ನ ಸಾಲು ಸಾಲಾಗಿ ಓದೋದು. ಈ ಸಲ ಅದರ ಬಗ್ಗೆ.

82,000ದ ಹಾಳೆ

ನನ್ನ ಕಾರು 2013ರ ಮಾಡೆಲ್, 1.5 ಲೀಟರ್ ಪೆಟ್ರೋಲ್, ಮ್ಯಾನುಯಲ್ ಗೇರ್. ಕಂಪನಿ ಯಾವುದು ಅನ್ನೋದು ಇಲ್ಲಿ ಮುಖ್ಯ ಅಲ್ಲ. ಈ ವಯಸ್ಸಿನ ಯಾವ ಸೆಡಾನ್ ತಗೊಂಡರೂ ಪಟ್ಟಿ ಹೆಚ್ಚುಕಮ್ಮಿ ಇದೇ ಇರುತ್ತೆ. ಓಡಿರೋದು 1,12,000 ಕಿಲೋಮೀಟರ್. ಮಾರಿದರೆ ಎರಡೂಮುಕ್ಕಾಲು ಲಕ್ಷ ಬಂದರೆ ಹೆಚ್ಚು. ಕೈಗೆ ಬಂದ ಎಸ್ಟಿಮೇಟ್ ಹೀಗಿತ್ತು:

ಕ್ಲಚ್ ಸೆಟ್: 16,500
ಮುಂದಿನ ಎರಡು ಶಾಕ್ ಅಬ್ಸಾರ್ಬರ್, ಮೌಂಟ್ ಸಮೇತ: 13,800
ಎರಡು ಲೋವರ್ ಆರ್ಮ್: 9,200
ಎಸಿ ಕಂಡೆನ್ಸರ್ ಮತ್ತು ಗ್ಯಾಸ್: 11,500
ಕೂಲಂಟ್ ಮತ್ತು ರೇಡಿಯೇಟರ್ ಹೋಸ್‌ಗಳು: 4,200
ಮೂರು ಎಂಜಿನ್ ಮೌಂಟ್: 9,600
ಮುಂದಿನ ಬ್ರೇಕ್ ಡಿಸ್ಕ್ ಮತ್ತು ಪ್ಯಾಡ್: 9,400
ಎಂಜಿನ್ ಫ್ಲಶ್, ಡೀಕಾರ್ಬನೈಸಿಂಗ್, ಅಂಡರ್‌ಬಾಡಿ ಕೋಟಿಂಗ್, ಎಸಿ ಸ್ಯಾನಿಟೈಸೇಶನ್: 7,800

ಒಟ್ಟು 82,000 ರೂಪಾಯಿ. ಕಾರಿನ ಬೆಲೆಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಭಾಗ.

ಇದನ್ನ ಮೋಸ ಅನ್ನೋಕೆ ಆಗಲ್ಲ. ದೊಡ್ಡ ಸರ್ವಿಸ್ ಸೆಂಟರುಗಳು ಸಣ್ಣ ಬುಷ್ ಬದಲಾಯಿಸೋ ಕಡೆ ಇಡೀ ಆರ್ಮನ್ನೇ ಬದಲಾಯಿಸುತ್ವೆ. ಒಂದು ಕಡೆ ಹೋಗಿದ್ರೆ ಎರಡೂ ಕಡೆ ಬರೀತಾರೆ. ಯಾಕಂದ್ರೆ ಕಾರು ವಾಪಸ್ ಬರಬಾರದು, ಮಾಡಿದ ಕೆಲಸಕ್ಕೆ ವಾರಂಟಿ ಕೊಡಬೇಕು, ಮೆಕ್ಯಾನಿಕ್ ಒಬ್ಬ ದಿನಕ್ಕೆ ಇಷ್ಟು ಕಾರು ಮುಗಿಸಲೇಬೇಕು. ಅವರ ಲೆಕ್ಕ ಅವರಿಗೆ ಸರಿ. ಹನ್ನೆರಡು ವರ್ಷದ ಕಾರಿನ ಮಾಲೀಕನ ಲೆಕ್ಕ ಬೇರೆ ಇರಬೇಕು, ಅಷ್ಟೇ.

ನಾನು ಆ ಎಂಟು ಸಾಲುಗಳನ್ನ ನಾಲ್ಕು ರಾಶಿ ಮಾಡಿದೆ. ಪ್ರಾಣಕ್ಕೆ ಸಂಬಂಧಿಸಿದ್ದು. ತಡ ಮಾಡಿದರೆ ದೊಡ್ಡದಾಗೋದು. ಕಾಯಬಹುದಾದದ್ದು. ಬೇಡದ್ದು. ನಂತರ ಅದೇ ಹಾಳೆ ಹಿಡ್ಕೊಂಡು ಏರಿಯಾದ ಒಂದು ಗ್ಯಾರೇಜಿಗೆ ಹೋಗಿ, ಕಾರನ್ನ ಲಿಫ್ಟ್ ಮೇಲೆ ಏರಿಸಿ, ಒಂದೊಂದನ್ನೂ ತೋರಿಸೋಕೆ ಕೇಳಿದೆ. ಆ ತಪಾಸಣೆಗೆ ಕೊಟ್ಟದ್ದು 500 ರೂಪಾಯಿ. ಹಳೇ ಕಾರಿಗೆ ಖರ್ಚು ಮಾಡೋ ದುಡ್ಡಿನಲ್ಲಿ ಇದಕ್ಕಿಂತ ಲಾಭದ್ದು ಇನ್ನೊಂದಿಲ್ಲ.

ಮೊದಲನೇ ರಾಶಿ: ಬ್ರೇಕು, ಚಕ್ರ, ಟೈರು

ನಮ್ಮೂರಿಗೆ ಹೋಗೋಕೆ ಚಾರ್ಮಾಡಿ ಘಾಟಿ ಇಳೀಬೇಕು, ಹಿಂದಿನ ಸೀಟಿನಲ್ಲಿ ಅಪ್ಪ ಅಮ್ಮ ಇರ್ತಾರೆ. ಹಾಗಾಗಿ ಪಟ್ಟಿಯಲ್ಲಿ ಏಳನೇ ಸಾಲಿನಲ್ಲಿದ್ದ ಬ್ರೇಕು ನನಗೆ ಮೊದಲನೇ ಸಾಲು.

ಬ್ರೇಕ್ ಪ್ಯಾಡ್ ಸವೆಯೋದು ಸಹಜ; ಸವೆದ ಮೇಲೆ ಚೌಕಾಸಿ ಇಲ್ಲ. ಡಿಸ್ಕಿನ ಕಥೆ ಬೇರೆ. ಪ್ರತಿ ಡಿಸ್ಕಿನ ಅಂಚಿನಲ್ಲೋ ನಡುಭಾಗದಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಕೆತ್ತಿರುತ್ತೆ. ನಮ್ಮದರಲ್ಲಿ 19 ಮಿಲಿಮೀಟರ್ ಅಂತಿತ್ತು. ವರ್ನಿಯರ್ ಇಟ್ಟು ಅಳೆದಾಗ ಬಂದದ್ದು 20.2. ಬಿರುಕಿಲ್ಲ, ಬ್ರೇಕ್ ಹಾಕಿದಾಗ ಪೆಡಲ್ ನಡುಗಲ್ಲ. ಅಂದ್ರೆ ಡಿಸ್ಕಿಗೆ ಇನ್ನೂ ಆಯಸ್ಸಿದೆ. ಪ್ಯಾಡ್ ಮಾತ್ರ ಹಾಕಿಸಿದೆ.

ಆದ್ರೆ ಎಸ್ಟಿಮೇಟಿನಲ್ಲಿ ಇಲ್ಲದ ಒಂದನ್ನ ಸೇರಿಸಿದೆ: ಬ್ರೇಕ್ ಆಯಿಲ್. ಇದು ಗಾಳಿಯಲ್ಲಿರೋ ತೇವವನ್ನ ಹೀರ್ಕೊಳ್ಳುತ್ತೆ. ನೀರು ಸೇರಿದಷ್ಟೂ ಅದರ ಕುದಿಯೋ ಬಿಂದು ಇಳಿಯುತ್ತೆ. ಘಾಟಿಯಲ್ಲಿ ಸತತವಾಗಿ ಬ್ರೇಕ್ ಒತ್ತುತ್ತಾ ಇಳಿದಾಗ ಕ್ಯಾಲಿಪರ್ ಕಾದು, ಆಯಿಲ್ ಕುದ್ದು, ಆವಿಯ ಗುಳ್ಳೆ ಬಂದರೆ ಪೆಡಲ್ ನೆಲಕ್ಕೆ ಹೋಗುತ್ತೆ, ಕಾರು ನಿಲ್ಲಲ್ಲ. ಊರಿನ ಟ್ರಾಫಿಕ್ಕಿನಲ್ಲಿ ಗೊತ್ತೇ ಆಗದ ಈ ದೋಷ ಆಗುಂಬೆಯ ಹೇರ್‌ಪಿನ್ನಿನಲ್ಲೋ ಶಿರಾಡಿಯಲ್ಲೋ ಎದ್ದು ನಿಲ್ಲುತ್ತೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಿ, ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಇಳಿಯಿರಿ. ಪ್ಯಾಡ್, ಆಯಿಲ್, ಕೂಲಿ ಸೇರಿ ನನಗಾದದ್ದು 3,400.

ಲೋವರ್ ಆರ್ಮ್ ಅಂದ್ರೆ ಮುಂದಿನ ಚಕ್ರವನ್ನ ಕಾರಿನ ದೇಹಕ್ಕೆ ಹಿಡಿದಿಡೋ ಕೈ. ಅದರ ತುದಿಯಲ್ಲಿ ಬಾಲ್ ಜಾಯಿಂಟ್, ಬುಡದಲ್ಲಿ ರಬ್ಬರ್ ಬುಷ್. ಬುಷ್ ಹಳತಾದರೆ ಶಬ್ದ ಬರುತ್ತೆ, ಸ್ಟೇರಿಂಗ್ ಸಡಿಲ ಅನ್ನಿಸುತ್ತೆ. ಬಾಲ್ ಜಾಯಿಂಟ್ ಕಳಚಿದರೆ ಚಕ್ರವೇ ಹೊರಕ್ಕೆ ಮಡಚ್ಕೊಳ್ಳುತ್ತೆ. ನಮ್ಮದರಲ್ಲಿ ಎಡಗಡೆ ಬಾಲ್ ಜಾಯಿಂಟಿನಲ್ಲಿ ಆಟ ಇತ್ತು, ಚಕ್ರ ಹಿಡಿದು ಅಲುಗಾಡಿಸಿದರೆ ಕೈಗೇ ಗೊತ್ತಾಗ್ತಿತ್ತು. ಬಲಗಡೆ ಗಟ್ಟಿ. ಎಡಗಡೆ ಆರ್ಮ್ ಒಂದು, ಎರಡೂ ಕಡೆಯ ಲಿಂಕ್ ರಾಡ್ ಸೇರಿ 5,400.

ಶಾಕ್ ಅಬ್ಸಾರ್ಬರ್ ಮಾತ್ರ ಜೋಡಿಯಾಗೇ ಬದಲಾಯಿಸಬೇಕು. ಒಂದು ಹೊಸದು ಒಂದು ಹಳತು ಆದ್ರೆ ಎರಡು ಕಡೆಯ ಸ್ಪ್ರಿಂಗ್ ಬೇರೆ ಬೇರೆ ತರ ಕುಣಿಯುತ್ತೆ. ಒಂದರಿಂದ ಎಣ್ಣೆ ಸೋರಿ ಮೈಯೆಲ್ಲ ಧೂಳು ಮೆತ್ತಿತ್ತು, ಅದೇ ಸಾಕ್ಷಿ. ಮೌಂಟ್ ಸಮೇತ 9,800. ಆಮೇಲೆ ವೀಲ್ ಅಲೈನ್‌ಮೆಂಟ್ 600. ಸಸ್ಪೆನ್ಶನ್ ಮುಟ್ಟಿದ ಮೇಲೆ ಇದನ್ನ ಬಿಟ್ಟರೆ ಉಳಿಸಿದ 600ಕ್ಕೆ ಎರಡು ಟೈರು ಬಲಿ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ನೋಡಿಲ್ಲದಿದ್ದರೆ ಇವತ್ತೇ ನೋಡಿ. 2319 ಅಂತಿದ್ರೆ 2019ರ 23ನೇ ವಾರ ತಯಾರಾದದ್ದು. ಥ್ರೆಡ್ ಎಷ್ಟೇ ಇದ್ದರೂ ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕು ಕಂಡರೆ ರಬ್ಬರ್ ಮುದಿಯಾಗಿದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಹೊಳೆಯೋ ಟೈರ್ ಕಂಡಾಗ ಎಷ್ಟೋ ಸಲ ಹೊಳೀತಿರೋದು ಪಾಲಿಶ್.

ಶಬ್ದ ಕೇಳಿಸ್ಕೊಳ್ಳಿ

ಹಳೇ ಸೆಡಾನಿನಲ್ಲಿ ಮೊದಲು ಮಾತಾಡೋದು ಸಸ್ಪೆನ್ಶನ್. ತಗ್ಗಿನ ಕಾರು, ನಮ್ಮ ಹಂಪು ಗುಂಡಿ. ಮಾತಾಡದೆ ಇನ್ನೇನು ಮಾಡುತ್ತೆ? ಪಾಪ, ಅದು ಸುಮ್ನೆ ಗಲಾಟೆ ಮಾಡಲ್ಲ, ಯಾವ ಭಾಗ ಅಂತ ಹೇಳುತ್ತೆ.

ಹಂಪಿನ ಮೇಲೆ ನಿಧಾನವಾಗಿ ಹತ್ತಿಳಿಯುವಾಗ ‘ಕಟ ಕಟ’ ಅಂದ್ರೆ ಹೆಚ್ಚಾಗಿ ಲಿಂಕ್ ರಾಡ್. ಈ ಪಟ್ಟಿಯಲ್ಲೇ ಅಗ್ಗದ ಭಾಗ ಅದು. ಗುಂಡಿಗೆ ಬಿದ್ದಾಗ ‘ದಡ್’ ಅಂತ ತಲೆ ಹತ್ತಿರ ಬಡಿದ ಹಾಗಾದರೆ ಶಾಕ್ ಅಬ್ಸಾರ್ಬರಿನ ಮೇಲಿನ ಮೌಂಟ್. ಸ್ಟೇರಿಂಗ್ ಪೂರ್ತಿ ತಿರುಗಿಸಿ ಯೂ-ಟರ್ನ್ ಹೊಡೆಯುವಾಗ ‘ಟಿಕ್ ಟಿಕ್ ಟಿಕ್’ ಅಂದ್ರೆ ಡ್ರೈವ್ ಶಾಫ್ಟಿನ ಸಿವಿ ಜಾಯಿಂಟ್. ಅದರ ಮೇಲಿನ ರಬ್ಬರ್ ಬೂಟ್ ಹರಿದು, ಗ್ರೀಸ್ ಹೋಗಿ, ಮಣ್ಣು ಸೇರಿರುತ್ತೆ. ಬೂಟ್ ಹರಿದ ಕೂಡಲೇ ನೋಡಿದ್ರೆ ಸಾವಿರದ ಆಸುಪಾಸಿನಲ್ಲಿ ಮುಗಿಯೋ ಕೆಲಸ, ಬಿಟ್ಟರೆ ಇಡೀ ಜಾಯಿಂಟ್. ವೇಗ ಹೆಚ್ಚಿದಂತೆ ‘ಗುಂಯ್’ ಅನ್ನೋ ಶಬ್ದ ಜಾಸ್ತಿಯಾಗಿ, ತಿರುವಿನಲ್ಲಿ ಬದಲಾದರೆ ವೀಲ್ ಬೇರಿಂಗ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ‘ಕೀಂ’ ಅಂತ ಕಿರುಚಿ ಎರಡು ನಿಮಿಷಕ್ಕೆ ಸುಮ್ಮನಾದರೆ ಆಲ್ಟರ್ನೇಟರಿನ ಬೆಲ್ಟ್.

ಗ್ಯಾರೇಜಿಗೆ ಹೋಗಿ ‘ಮುಂದೆ ಏನೋ ಶಬ್ದ ಬರ್ತಿದೆ, ನೋಡಿ’ ಅಂದ್ರೆ ಹುಡುಕಾಟದ ಖರ್ಚು ನಿಮ್ಮದು. ‘ಎಡಗಡೆ, 20ರ ವೇಗದಲ್ಲಿ, ಹಂಪಿನ ಮೇಲೆ ಮಾತ್ರ’ ಅಂದ್ರೆ ಅರ್ಧ ಕೆಲಸ ಆಯ್ತು. ಆಫೀಸಿನಲ್ಲಿ ನಾವು ಬಗ್ ರಿಪೋರ್ಟ್ ಬರೆಯೋದೂ ಹೀಗೇ ತಾನೆ. ಯಾವಾಗ ಬರುತ್ತೆ, ಯಾವಾಗ ಬರಲ್ಲ ಅನ್ನೋದೇ ಮುಖ್ಯ.

ಎರಡನೇ ರಾಶಿ: ನೀರು

ಎಸ್ಟಿಮೇಟಿನ ಅತಿ ಸಣ್ಣ ಸಾಲು ಕೂಲಂಟ್ ಮತ್ತು ಹೋಸ್, 4,200. ಮುಂದೂಡಿದರೆ ಅತಿ ಹೆಚ್ಚು ದುಡ್ಡು ತಿನ್ನೋದೂ ಅದೇ.

ಕೂಲಂಟ್ ಅಂದ್ರೆ ಬಣ್ಣದ ನೀರಲ್ಲ. ಅದರಲ್ಲಿರೋ ಗ್ಲೈಕಾಲ್ ಕುದಿಯೋ ಬಿಂದುವನ್ನ ಏರಿಸುತ್ತೆ, ಜೊತೆಗಿರೋ ರಾಸಾಯನಿಕಗಳು ಒಳಗೆ ತುಕ್ಕು ಹಿಡಿಯದ ಹಾಗೆ ನೋಡ್ಕೊಳ್ಳುತ್ವೆ. ವರ್ಷಗಳು ಕಳೆದಂತೆ ಈ ಎರಡನೇ ಗುಣ ಹೋಗುತ್ತೆ. ಸೋರಿದಾಗೆಲ್ಲ ಹಳೇ ಮಾಲೀಕರು ಬೋರ್‌ವೆಲ್ ನೀರು ಸುರಿದಿದ್ದರೆ ಗಡಸು ನೀರಿನ ಸುಣ್ಣ ರೇಡಿಯೇಟರಿನ ಕೊಳವೆಗಳಲ್ಲಿ ಕಟ್ಟಿರುತ್ತೆ. ಹತ್ತು ವರ್ಷದ ರಬ್ಬರ್ ಹೋಸ್ ಹೊರಗಿಂದ ಚೆನ್ನಾಗೇ ಕಾಣುತ್ತೆ. ಹಿಸುಕಿದರೆ ಒಂದೋ ಕಲ್ಲಿನ ಹಾಗೆ, ಇಲ್ಲ ಬೆಂದ ಬದನೆಕಾಯಿ ಹಾಗೆ.

ಒಂದು ಹೋಸ್ ನೆಲಮಂಗಲ ದಾಟಿದ ಮೇಲೆ ಒಡೀತು ಅಂದ್ಕೊಳ್ಳಿ. ಇನ್ನು ಹತ್ತು ಕಿಲೋಮೀಟರ್ ಹೇಗೋ ಹೋಗೋಣ ಅಂತ ಓಡಿಸಿದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಕಾದು ಬಾಗುತ್ತೆ, ಹೆಡ್ ಗ್ಯಾಸ್ಕೆಟ್ ಹೋಗುತ್ತೆ. ಕೆಲವು ನೂರು ರೂಪಾಯಿಯ ರಬ್ಬರಿನಿಂದ ಶುರುವಾದದ್ದು ಮೂವತ್ತು, ನಲವತ್ತು ಸಾವಿರಕ್ಕೆ ನಿಲ್ಲುತ್ತೆ. ಟೆಂಪರೇಚರ್ ಮುಳ್ಳು ಮೇಲೇರಿದರೆ ಗಾಡಿ ಪಕ್ಕಕ್ಕೆ ಹಾಕಿ, ಎಂಜಿನ್ ಆಫ್ ಮಾಡಿ, ಟೋ ವ್ಯಾನಿಗೆ ಫೋನ್ ಮಾಡಿ. ಕಾದಿರೋವಾಗ ಮುಚ್ಚಳ ಮಾತ್ರ ತೆಗೀಬೇಡಿ. ಒತ್ತಡದಲ್ಲಿರೋ ಕುದಿನೀರು ಮುಖಕ್ಕೇ ಹಾರುತ್ತೆ.

ಈ ಸಾಲನ್ನ ಪೂರ್ತಿ ಮಾಡಿಸಿದೆ. ಹೊರಗಿನ ಗ್ಯಾರೇಜಿನಲ್ಲಿ 3,100.

ಇದೇ ರಾಶಿಗೆ ಸೇರೋ ಇನ್ನೊಂದು ವಿಷಯ ಟೈಮಿಂಗ್ ಬೆಲ್ಟ್. ನಿಮ್ಮ ಎಂಜಿನ್‌ನಲ್ಲಿ ಇರೋದು ಬೆಲ್ಟೋ ಚೈನೋ ತಿಳ್ಕೊಳ್ಳಿ. ಹಳೇ ಡಿಸೈರ್ ಡೀಸೆಲ್ಲಿನ 1.3 ಲೀಟರ್ ಎಂಜಿನ್‌ನಲ್ಲಿ ಚೈನ್. ನಿಸ್ಸಾನ್ ಸನ್ನಿ, ರೆನೋ ಸ್ಕಾಲಾ ಡೀಸೆಲ್‌ಗಳ 1.5 ಲೀಟರ್ ಎಂಜಿನ್‌ನಲ್ಲಿ ಬೆಲ್ಟ್. ಬೆಲ್ಟಿಗೆ ಮ್ಯಾನುಯಲ್ಲಿನಲ್ಲಿ ಇಂತಿಷ್ಟು ಕಿಲೋಮೀಟರ್, ಇಂತಿಷ್ಟು ವರ್ಷ ಅಂತ ಬರೆದಿರುತ್ತೆ. ಹಳೇ ಮಾಲೀಕ ಬದಲಾಯಿಸಿದ ಬಿಲ್ ತೋರಿಸದಿದ್ದರೆ, ಬದಲಾಗಿಲ್ಲ ಅಂತಲೇ ಲೆಕ್ಕ ಹಾಕಿ. ಓಡ್ತಿರುವಾಗ ತುಂಡಾದರೆ ಇಂಥ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಗುದ್ದುತ್ತೆ. ಆಮೇಲೆ ನಡೆಯೋದು ರಿಪೇರಿ ಅಲ್ಲ, ಆಪರೇಶನ್.

ಮೂರನೇ ರಾಶಿ: ಕಾಯಬಹುದಾದದ್ದು

ಕ್ಲಚ್ 16,500, ಪಟ್ಟಿಯ ಅತಿ ದೊಡ್ಡ ಸಾಲು. ಹೋಗಿದೆಯೋ ಇಲ್ವೋ ಅನ್ನೋದನ್ನ ಖಾಲಿ ರಸ್ತೆಯಲ್ಲಿ ನೀವೇ ನೋಡಬಹುದು. ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿ ಹೋಗ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಜಿಗಿದು ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರ್ತಿದೆ. ಎರಡೂ ಒಟ್ಟಿಗೆ ನಿಧಾನಕ್ಕೆ ಏರಿದರೆ ಇನ್ನೂ ಹಿಡಿತ ಇದೆ. ನಮ್ಮದು ಜಾರ್ತಿರಲಿಲ್ಲ, ಪೆಡಲ್ ಸ್ವಲ್ಪ ಗಟ್ಟಿಯಾಗಿತ್ತು ಅಷ್ಟೇ. ಸಿಲ್ಕ್ ಬೋರ್ಡ್ ಕಡೆಯ ಟ್ರಾಫಿಕ್ಕಿನಲ್ಲಿ ಇನ್ನೂ ಎಂಟು ತಿಂಗಳು ಓಡ್ತು. ಆಮೇಲೆ ಏರಿನಲ್ಲಿ ಸುಟ್ಟ ವಾಸನೆ ಶುರುವಾದಾಗ ಹೊಸದು ಹಾಕಿಸಿದೆ, 11,600.

ಎಸಿ ವಿಷಯದಲ್ಲಿ ಒಂದೇ ಮಾತು ನೆನಪಿಡಿ: ಗ್ಯಾಸ್ ಖರ್ಚಾಗೋ ವಸ್ತು ಅಲ್ಲ. ಅದು ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತಾ ಇರುತ್ತೆ. ಪ್ರತಿ ಬೇಸಿಗೆಗೆ ತುಂಬಿಸಬೇಕಾಗ್ತಿದೆ ಅಂದ್ರೆ ಎಲ್ಲೋ ಸೋರ್ತಿದೆ. ಬರೀ ತುಂಬಿಸೋನು ನಿಮ್ಮ ದುಡ್ಡನ್ನ ಗಾಳಿಗೆ ಬಿಡ್ತಿದಾನೆ. ಎಲ್ಲಿ ಅಂತ ಹುಡುಕೋಕೆ ಒತ್ತಡದ ಪರೀಕ್ಷೆ, ಬಣ್ಣ ಹಾಕಿ ನೋಡೋ ಪರೀಕ್ಷೆ ಇವೆ. ನಮ್ಮದರಲ್ಲಿ ಕಂಡೆನ್ಸರ್ ಸರಿಯಾಗಿತ್ತು, ಪೈಪ್ ಸೇರೋ ಕಡೆಯ ಓ-ರಿಂಗ್ ಹಳತಾಗಿತ್ತು. ಗ್ಯಾಸ್ ಸೇರಿ 2,300. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಸೋರಿದ್ದರೆ ಮಾತ್ರ ಕಷ್ಟ. ಹೆಚ್ಚಿನ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಬಿಚ್ಚಬೇಕು, ಭಾಗಕ್ಕಿಂತ ಕೂಲಿಯೇ ಜಾಸ್ತಿ.

ಎಂಜಿನ್ ಮೌಂಟ್ ಅಂದ್ರೆ ಎಂಜಿನ್ ಕೂತಿರೋ ರಬ್ಬರ್ ದಿಂಬು. ಸಿಗ್ನಲ್ಲಿನಲ್ಲಿ ನಿಂತಾಗ ಸೀಟು, ಸ್ಟೇರಿಂಗ್ ನಡುಗಿದರೆ ಅದರ ಮೇಲೆ ಅನುಮಾನ ಪಡಬಹುದು. ಮೂರರಲ್ಲಿ ಹರಿದಿದ್ದು ಒಂದು. 2,800.

ನಾಲ್ಕನೇ ರಾಶಿ

ಫ್ಲಶ್, ಕೋಟಿಂಗ್, ಸ್ಯಾನಿಟೈಸೇಶನ್ 7,800. ಬೇಡ ಅಂದೆ. ಥ್ರಾಟಲ್ ಬಾಡಿಯಲ್ಲಿ ಮಸಿ ಕಟ್ಟಿ ಐಡ್ಲಿಂಗ್ ಏರುಪೇರಾಗ್ತಿದ್ರೆ ಅದನ್ನ ತೊಳೆಸಬೇಕು, ಅದು ಕೆಲವು ನೂರರ ಕೆಲಸ. ತೊಂದರೆ ಏನು ಅಂತ ಹೇಳದೆ ಬರೋ ಪ್ಯಾಕೇಜಿಗೆ ‘ಯಾಕೆ?’ ಅನ್ನೋ ಒಂದೇ ಪ್ರಶ್ನೆ ಸಾಕು.

ಈಗ ಕೂಡಿಸೋಣ. ಮೊದಲ ಸುತ್ತಿನಲ್ಲಿ 27,400. ಎಂಟು ತಿಂಗಳ ನಂತರ ಕ್ಲಚ್ 11,600. ಒಟ್ಟು 39,000. ಎಸ್ಟಿಮೇಟಿನ ಅರ್ಧಕ್ಕಿಂತ ಕಮ್ಮಿ. ಬ್ರೇಕಿನಲ್ಲಿ, ಚಕ್ರದಲ್ಲಿ, ಕೂಲಂಟಿನಲ್ಲಿ ಒಂದನ್ನೂ ಬಿಟ್ಟಿಲ್ಲ.

ಪಾರ್ಟ್ ಎಲ್ಲಿಂದ?

ಕಾರಿನ ಕಂಪನಿಗಳು ಕ್ಲಚ್ಚನ್ನೋ ಶಾಕ್ ಅಬ್ಸಾರ್ಬರನ್ನೋ ತಾವೇ ಮಾಡೋದು ಕಮ್ಮಿ. ವ್ಯಾಲಿಯೋ, ಲುಕ್, ಎಕ್ಸೆಡಿ ಕ್ಲಚ್ ಮಾಡ್ತಾರೆ. ಗೇಬ್ರಿಯಲ್ ಶಾಕ್ ಅಬ್ಸಾರ್ಬರ್. ಸುಬ್ರೋಸ್ ಎಸಿ ಭಾಗಗಳು. ನಿಮ್ಮ ಕಾರಿಗೆ ಕಾರ್ಖಾನೆಯಲ್ಲೇ ಭಾಗ ಕೊಟ್ಟ ತಯಾರಕರದ್ದೇ ಮಾಲು ಅವರ ಸ್ವಂತ ಡಬ್ಬಿಯಲ್ಲಿ ಸಿಕ್ಕರೆ ಬೆಲೆ ಕಮ್ಮಿ, ಗುಣ ಅದೇ. ಬೆಂಗಳೂರಿನವರಿಗೆ ಜೆ.ಸಿ. ರೋಡ್ ಇದ್ದೇ ಇದೆ. ಹಳೇ ಭಾಗದ ಮೇಲಿರೋ ಪಾರ್ಟ್ ನಂಬರ್ ಫೋಟೋ ತೆಗೆದು ಹೋಗಿ, ಜಿಎಸ್‌ಟಿ ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ವಾಹನಗಳ ಬಿಡಿಭಾಗಗಳ ಮೇಲೆ ಶೇ. 18 ಜಿಎಸ್‌ಟಿ, ಅದಕ್ಕೆ ಮುಂಚೆ ಹೆಚ್ಚಿನವಕ್ಕೆ ಶೇ. 28 ಇತ್ತು. ಹಳೇ ದರದ ಎಸ್ಟಿಮೇಟ್ ಕೈಯಲ್ಲಿದ್ದರೆ ಹೊಸದು ಬರೆಸಿಕೊಳ್ಳಿ.

ಬ್ರೇಕ್ ಪ್ಯಾಡ್, ಬಾಲ್ ಜಾಯಿಂಟ್, ಟೈಮಿಂಗ್ ಬೆಲ್ಟ್, ಈ ಮೂರರಲ್ಲಿ ಹೆಸರಿಲ್ಲದ ಅಗ್ಗದ ಮಾಲು ಬೇಡವೇ ಬೇಡ. ಗುಜರಿ ಭಾಗ ಹಾಕೋದಾದರೆ ಬಾಗಿಲ ಹಿಡಿ, ಕನ್ನಡಿ, ಟೇಲ್ ಲ್ಯಾಂಪ್ ಇಂಥವು ಸಾಕು.

ಭಾಗ ಸಿಗುತ್ತೋ ಇಲ್ವೋ ಅನ್ನೋದು ಕಾರು ಕೊಳ್ಳೋ ಮುಂಚೆಯೇ ಕೇಳಬೇಕಾದ ಪ್ರಶ್ನೆ. ಶೆವರ್ಲೆ ಭಾರತದಲ್ಲಿ ಮಾರಾಟ ನಿಲ್ಲಿಸಿದ್ದು 2017ರಲ್ಲಿ. ಫೋರ್ಡ್ ಇಲ್ಲಿ ಕಾರು ತಯಾರಿಕೆ ನಿಲ್ಲಿಸೋದಾಗಿ ಹೇಳಿದ್ದು 2021ರ ಸೆಪ್ಟೆಂಬರಿನಲ್ಲಿ. ಕ್ರೂಜ್, ಫಿಯೆಸ್ಟಾ ಓಡಿಸೋಕೆ ಸೊಗಸಾದ ಕಾರುಗಳೇ. ಅಗ್ಗಕ್ಕೂ ಸಿಗ್ತವೆ. ಆದ್ರೆ ಒಂದು ಭಾಗಕ್ಕೆ ಮೂರು ವಾರ ಕಾಯೋ ತಾಳ್ಮೆ, ಮನೆಯಲ್ಲಿ ಇನ್ನೊಂದು ಗಾಡಿ ಇದ್ದರೆ ಮಾತ್ರ ಆ ಕಡೆ ನೋಡಿ.

ದುಡ್ಡೇ ಖರ್ಚಾಗದ ಒಂದು ಕೆಲಸವೂ ಇದೆ. ನಿಮ್ಮ ಕಾರಿನ ಚಾಸಿ ನಂಬರ್ ಹಾಕಿ ಕಂಪನಿಯ ವೆಬ್‌ಸೈಟಿನಲ್ಲಿ ರೀಕಾಲ್ ಇದೆಯಾ ನೋಡಿ. ಟಕಾಟಾ ಏರ್‌ಬ್ಯಾಗುಗಳ ಇನ್‌ಫ್ಲೇಟರ್ ಬಿಸಿಲು, ತೇವಕ್ಕೆ ಹಾಳಾಗಿ, ಉಬ್ಬುವಾಗ ಲೋಹದ ಚೂರು ಸಿಡಿಸೋ ಅಪಾಯ ಇದ್ದದ್ದರಿಂದ ಜಗತ್ತಿನಾದ್ಯಂತ ಕೋಟ್ಯಂತರ ಕಾರುಗಳನ್ನ ವಾಪಸ್ ಕರೆದರು. ಭಾರತದಲ್ಲಿ ಹೋಂಡಾ ಸಿಟಿಯ ಹಳೇ ಮಾಡೆಲ್‌ಗಳೂ ಆ ಪಟ್ಟಿಯಲ್ಲಿದ್ವು. ಬದಲಾಯಿಸೋದು ಉಚಿತ. ಆದ್ರೆ ಕಂಪನಿಯ ಪತ್ರ ಹೋಗೋದು ಅವರ ದಾಖಲೆಯಲ್ಲಿರೋ ವಿಳಾಸಕ್ಕೆ, ಅಂದ್ರೆ ಎಷ್ಟೋ ಸಲ ಮೊದಲ ಮಾಲೀಕರ ಮನೆಗೆ. ಮೂರನೇ ಕೈಯ ನಿಮಗೆ ಯಾರೂ ಹೇಳಲ್ಲ, ನೀವೇ ನೋಡ್ಕೋಬೇಕು.

ಎರಡು ಸಣ್ಣ ಸಾಧನ

ಮುನ್ನೂರರ ಮಲ್ಟಿಮೀಟರ್: ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಹೆಚ್ಚಿನ ಹಳೇ ಕಾರುಗಳಲ್ಲಿ 13.8ರಿಂದ 14.4. ಓಡುವಾಗಲೂ ಏರದಿದ್ದರೆ ತೊಂದರೆ ಬ್ಯಾಟರಿಯದ್ದಲ್ಲ, ಚಾರ್ಜ್ ಮಾಡೋ ಆಲ್ಟರ್ನೇಟರಿನದ್ದು. ಇದು ಗೊತ್ತಿಲ್ಲದೆ ಹೊಸ ಬ್ಯಾಟರಿ ತಂದು, ಎರಡೇ ದಿನಕ್ಕೆ ಮತ್ತೆ ತಳ್ಳೋರಿದಾರೆ.

ಸಾವಿರದ ಆಸುಪಾಸಿನ ಬ್ಲೂಟೂತ್ ಒಬಿಡಿ ಸ್ಕ್ಯಾನರ್: 2013ರ ನಂತರದ ಕಾರುಗಳಲ್ಲಿ ಸಾಮಾನ್ಯವಾಗಿ ಕೆಲಸ ಮಾಡುತ್ತೆ. ಎಂಜಿನ್ ಲೈಟ್ ಹತ್ತಿದಾಗ ಕೋಡ್ ಏನು ಅಂತ ಫೋನಿನಲ್ಲೇ ನೋಡಬಹುದು. ಆದ್ರೆ ಕೋಡ್ ಹೇಳೋದು ಲಕ್ಷಣ, ಕಾರಣ ಅಲ್ಲ. ‘ಪಿ0420’ ಅಂದ್ರೆ ಕ್ಯಾಟಲಿಟಿಕ್ ಕನ್ವರ್ಟರಿನ ಕೆಲಸ ಮಿತಿಗಿಂತ ಕಮ್ಮಿ ಅಂತ. ಅದು ನಿಜಕ್ಕೂ ಕನ್ವರ್ಟರ್ ಇರಬಹುದು, ಸುಳ್ಳು ಹೇಳೋ ಆಕ್ಸಿಜನ್ ಸೆನ್ಸರ್ ಇರಬಹುದು, ಎಕ್ಸಾಸ್ಟ್ ಪೈಪಿನ ತೂತೂ ಇರಬಹುದು. ಎರರ್ ಬಂದ ಸಾಲಿನಲ್ಲೇ ಬಗ್ ಇರಬೇಕು ಅಂತೇನಿಲ್ಲ. ನಮ್ಮ ಕಸುಬಿನವರಿಗೆ ಇದನ್ನ ವಿವರಿಸಬೇಕಿಲ್ಲ. ಕೋಡ್ ನೋಡಿದ ಕೂಡಲೇ ದುಬಾರಿ ಭಾಗ ಆರ್ಡರ್ ಮಾಡೋದು ನೆಗಡಿ ಅಂತ ಮೂಗು ಕೊಯ್ದುಕೊಂಡ ಹಾಗೆ.

ಇ20 ಪೆಟ್ರೋಲ್ ಬಗ್ಗೆಯೂ ತುಂಬಾ ಜನ ಕೇಳ್ತಾರೆ. ಎಥನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟು ಮಾತ್ರ ಶಕ್ತಿ ಇರೋದ್ರಿಂದ ಮೈಲೇಜ್ ಸ್ವಲ್ಪ ಇಳಿಯೋದು ಲೆಕ್ಕಾಚಾರದ ಮಾತು. ಹಳೇ ಕಾರುಗಳಲ್ಲಿ ನೋಡಬೇಕಾದದ್ದು ಇಂಧನದ ರಬ್ಬರ್ ಪೈಪು, ಸೀಲುಗಳನ್ನ. ಪ್ರತಿ ಸರ್ವಿಸ್‌ನಲ್ಲಿ ಒಮ್ಮೆ ಕಣ್ಣಾಡಿಸೋಕೆ ಹೇಳಿ. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದ್ರೆ ಮಾತ್ರ ನಾಳೆ ನೋಡೋಣ ಅನ್ನಬೇಡಿ.

ಯಾವಾಗ ಸಾಕು ಅನ್ನೋದು?

ಕಳೆದ ಹನ್ನೆರಡು ತಿಂಗಳಲ್ಲಿ ಈ ಕಾರಿಗೆ ನಾನು ಹಾಕಿದ್ದು ಹೀಗಿದೆ: ರಿಪೇರಿ 39,000, ಮಾಮೂಲಿ ಸರ್ವಿಸ್ 11,000, ಬ್ಯಾಟರಿ 5,200. ಒಟ್ಟು 55,200. ತಿಂಗಳಿಗೆ 4,600.

ಹೊಸ ಸೆಡಾನಿಗೆ ಹತ್ತು ಲಕ್ಷ ಸಾಲ, ಶೇ. 9ರ ಬಡ್ಡಿ, ಐದು ವರ್ಷ ಅಂದ್ರೆ ಇಎಂಐ ಸುಮಾರು 20,760. ನನ್ನ ಇಡೀ ವರ್ಷದ ರಿಪೇರಿ ಎರಡು ಇಎಂಐಗಿಂತ ಕಮ್ಮಿ. ಹೊಸ ಕಾರಿನ ಬೆಲೆ ಇಳಿಯೋದು ಬೇರೆ ಲೆಕ್ಕ. ಇನ್ಶೂರೆನ್ಸಿನ ಐಡಿವಿ ಪಟ್ಟಿಯ ಪ್ರಕಾರವೇ ಒಂದು ವರ್ಷ ದಾಟಿದ ಕಾರಿನ ಬೆಲೆ ಶೇ. 20 ಕಮ್ಮಿ.

ಹಾಗಂತ ಹಳೇ ಕಾರನ್ನ ಸಾಯೋವರೆಗೂ ಇಟ್ಕೊಳ್ಳಿ ಅಂತ ನಾನು ಹೇಳಲ್ಲ. ಈ ಲೆಕ್ಕದಲ್ಲಿ ಬರದ ವಿಷಯಗಳಿವೆ. ಕಾರು ಗ್ಯಾರೇಜಿನಲ್ಲಿ ನಿಂತ ದಿನಗಳು ಇವೆ. ರಾತ್ರಿ ಹೆದ್ದಾರಿಯಲ್ಲಿ ಮನಸ್ಸಿನ ಮೂಲೆಯಲ್ಲಿರೋ ಅಳುಕು ಇದೆ. ಏರ್‌ಬ್ಯಾಗೇ ಇಲ್ಲದ ಕೆಳಗಿನ ವೇರಿಯಂಟ್ ಆದರೆ ಯಾವ ರಿಪೇರಿಯೂ ಅದನ್ನ ತಂದು ಕೊಡಲ್ಲ. ಆ ಒಂದೇ ಕಾರಣಕ್ಕೆ ಕಾರು ಬದಲಾಯಿಸಿದರೆ ಅದು ದುಂದು ಅಲ್ಲ.

ನನ್ನ ಮಟ್ಟಿಗೆ ನಾಲ್ಕು ಗಡಿ ಹಾಕ್ಕೊಂಡಿದೀನಿ. ಒಂದು, ಚಾಸಿಯಲ್ಲಿ, ಸಸ್ಪೆನ್ಶನ್ ಕೂರೋ ಜಾಗದಲ್ಲಿ ತುಕ್ಕು ಕಂಡರೆ ಮಾರಾಟ. ಕರಾವಳಿಯಲ್ಲಿ ಓಡಿದ ಕಾರುಗಳಲ್ಲಿ ಇದನ್ನ ಮೊದಲೇ ನೋಡಿ. ಎರಡು, ಎಂಜಿನ್ ಇಳಿಸಿ ಬೋರ್ ಮಾಡಿಸೋ ಹಂತ ಬಂದರೆ ಮಾರಾಟ. ಆಟೋಮ್ಯಾಟಿಕ್ ಇರೋರಿಗೆ ಗೇರ್‌ಬಾಕ್ಸೂ ಇದೇ ಸಾಲಿಗೆ; ಡ್ಯುಯಲ್ ಕ್ಲಚ್ ಗೇರ್‌ಬಾಕ್ಸಿನ ದೊಡ್ಡ ರಿಪೇರಿ ಲಕ್ಷ ಮುಟ್ಟೋದುಂಟು. ಮೂರು, ತಿಂಗಳಿಗೆ 6,000ದಂತೆ ಬೇರೆ ಖಾತೆಗೆ ಹಾಕ್ತೀನಿ, ವರ್ಷಕ್ಕೆ 72,000. ಸತತ ಎರಡು ವರ್ಷ ಖರ್ಚು ಅದನ್ನ ದಾಟಿದರೆ ಕಾರು ಹೋಗುತ್ತೆ. ದಾಟದಿದ್ದರೆ ಉಳಿದದ್ದು ಮುಂದಿನ ಕಾರಿನ ಡೌನ್ ಪೇಮೆಂಟ್. ನಾಲ್ಕು, ಹದಿನೈದು ವರ್ಷ. ನಮ್ಮಲ್ಲಿ ಆರ್‌ಸಿ ಅವಧಿ ಹದಿನೈದು ವರ್ಷ. ಅದು ಮುಗಿದ ಕೂಡಲೇ ಗುಜರಿಗೆ ಹಾಕಬೇಕು ಅಂತಿಲ್ಲ, ತಪಾಸಣೆ ಮಾಡಿಸಿ ಐದು ವರ್ಷಕ್ಕೆ ನವೀಕರಿಸಬಹುದು. ಆದ್ರೆ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000ಕ್ಕೆ ಏರಿದೆ, ಜೊತೆಗೆ ಬೇರೆ ತೆರಿಗೆಗಳೂ ಸೇರ್ತವೆ. ನನ್ನ ಕಾರಿಗೆ ಆ ದಿನ ಬರೋದು 2028ರಲ್ಲಿ. ಆಗ ಇನ್ನೊಮ್ಮೆ ಲೆಕ್ಕ ಹಾಕ್ತೀನಿ.

ನಿಮ್ಮ ಕೈಯಲ್ಲೂ ಈಗ ಅಂಥದ್ದೊಂದು ಹಾಳೆ ಇದ್ದರೆ ಒಟ್ಟು ಮೊತ್ತವನ್ನ ಬೆರಳಿನಿಂದ ಮುಚ್ಚಿ, ಮೊದಲ ಸಾಲಿನಿಂದ ಓದಿ. ಪ್ರತಿ ಸಾಲಿನ ಮುಂದೆ ಒಂದರಿಂದ ನಾಲ್ಕರವರೆಗೆ ಒಂದು ಅಂಕಿ ಬರೀರಿ. ಒಂದು ಅಂತ ಬರೆದದ್ದನ್ನ ಈ ವಾರವೇ ಮಾಡಿಸಿ, ದುಡ್ಡು ಸಾಲದಿದ್ದರೆ ಅಲ್ಲಿವರೆಗೂ ಮೆಟ್ರೋದಲ್ಲಿ ಓಡಾಡಿ. ಉಳಿದದ್ದಕ್ಕೆ ಒಂದೊಂದು ತಾರೀಕು ಹಾಕಿ.